ಮೋಟರಿನ ತಲೆಗೆ ಕಟ್ಟುವ ತಪ್ಪು: ಕಾರಿನ ಪವರ್ ಸೀಟು ಕೈಕೊಟ್ಟಾಗ

ಕಾರಿನ ಪವರ್ ಸೀಟು ಗುಂಡಿ ಒತ್ತಿದರೂ ಮಿಸುಕದೆ ಕುಳಿತಾಗ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ತೀರ್ಪು ‘ಮೋಟರ್ ಹೋಗಿದೆ’ ಎಂಬುದು. ಮಾಲೀಕರೂ ಅದನ್ನೇ ನಂಬುತ್ತಾರೆ. ಸೀಟನ್ನು ಸರಿಸುವುದು ಮೋಟರ್, ಸೀಟು ಸರಿಯುತ್ತಿಲ್ಲ, ಅಂದಮೇಲೆ ಕೆಟ್ಟಿರುವುದೂ ಅದೇ ಇರಬೇಕು ಎಂಬ ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಸೀಟಿನ ರಚನೆ, ಅದರೊಳಗೆ ಕರೆಂಟ್ ಓಡಾಡುವ ದಾರಿ, ಕಾರು ನಿಲ್ಲುವ ಊರಿನ ಹವೆ, ಈ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಆ ತೀರ್ಪು ಬಹುಪಾಲು ಆತುರದ್ದು ಎನ್ನಬೇಕಾಗುತ್ತದೆ. ದೋಷ ಹೆಚ್ಚಾಗಿ ಅಡಗಿರುವುದು ಮೋಟರಿಗೆ ಹೋಗುವ ಮತ್ತು ಅದರಿಂದ ಹಿಂದಿರುಗುವ ದಾರಿಯಲ್ಲಿ: ಸೀಟಿನಡಿಯ ಕಪ್ಲರ್ (ವೈರುಗಳನ್ನು ಕೂಡಿಸುವ ಪ್ಲಗ್), ಕಾರಿನ ಮೈತಗಡಿಗೆ ಬಿಗಿದ ಅರ್ಥ್, ಸ್ವಿಚ್ಚಿನೊಳಗಿನ ಕಾಂಟ್ಯಾಕ್ಟು, ಮಡಿಚಿ ಮಡಿಚಿ ಸೋತ ವೈರು. ನೀಲಗಿರಿಯ ಎಮರಾಲ್ಡಿನಂಥ ಊರಿನಲ್ಲಿ ಈ ಮಾತಿಗೆ ಇನ್ನಷ್ಟು ಬಲ ಬರುತ್ತದೆ.

ಎಮರಾಲ್ಡ್ ಇರುವುದು ಊಟಿಯಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ಕುಂದಾ ತಾಲ್ಲೂಕಿನಲ್ಲಿ, ಸುಮಾರು ಎರಡು ಸಾವಿರ ಮೀಟರ್ ಎತ್ತರದಲ್ಲಿ. ಸುತ್ತ ಚಹಾ ತೋಟ, ಬಡಗರ ಹಟ್ಟಿಗಳು, ಕ್ಯಾರೆಟ್ಟು ಆಲೂಗಡ್ಡೆ ಬೆಳ್ಳುಳ್ಳಿಯ ಮೆಟ್ಟಿಲು ಹೊಲಗಳು, ಕುಂದಾ ಜಲವಿದ್ಯುತ್ ಯೋಜನೆಯ ಎಮರಾಲ್ಡ್ ಮತ್ತು ಅವಲಾಂಚಿ ಜಲಾಶಯಗಳು. ಅಲ್ಲಿನ ಮಳೆ ಎಂಥದ್ದು ಎಂಬುದಕ್ಕೆ ಒಂದೇ ದಿನದ ಅಂಕಿ ಸಾಕು. 2019ರ ಆಗಸ್ಟ್ 8ಕ್ಕೆ ಕೊನೆಗೊಂಡ 24 ಗಂಟೆಗಳಲ್ಲಿ ಪಕ್ಕದ ಅವಲಾಂಚಿಯಲ್ಲಿ 820 ಮಿಲಿಮೀಟರ್ ಮಳೆ ಬಿದ್ದಿತು. ಮೈಸೂರಿಗೆ ಇಡೀ ವರ್ಷದಲ್ಲಿ ಬೀಳುವುದು ಹೆಚ್ಚುಕಡಿಮೆ ಅಷ್ಟೇ. ಅದು ಅಪರೂಪದ ದಿನ, ನಿಜ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಗಟ್ಟಲೆ ಬಿಡದೆ ಸುರಿಯುವ ಜಡಿಮಳೆ, ಮಧ್ಯಾಹ್ನಕ್ಕೇ ಇಳಿಯುವ ಮಂಜು, ಡಿಸೆಂಬರ್ ಜನವರಿಯಲ್ಲಿ ಹುಲ್ಲಿನ ಮೇಲೆ ಬಿಳಿಯಾಗಿ ಹೆಪ್ಪುಗಟ್ಟುವ ಇಬ್ಬನಿ ಇವು ಅಪರೂಪವಲ್ಲ. ಕಾರು ನಿಲ್ಲುವುದು ಹೆಚ್ಚಾಗಿ ಬಯಲಿನಲ್ಲೇ. ಒಳಗೆ ಹತ್ತುವ ಬೂಟಿನಲ್ಲಿ ಕೆಸರು, ಮಡಚಿದ ಕೊಡೆಯಿಂದ ತೊಟ್ಟಿಕ್ಕುವ ನೀರು, ಹಿಂದಿನ ಸೀಟಿನ ಬುಡದಲ್ಲಿ ಕೆಲವೊಮ್ಮೆ ಗೊಬ್ಬರದ ಚೀಲ. ಬೆಂಗಳೂರಿನ ಬೇಸ್‌ಮೆಂಟಿನಲ್ಲಿ ಒಣಗಿ ನಿಂತ ಕಾರಿನ ಸೀಟಿಗೂ ಇಲ್ಲಿಯ ಕಾರಿನ ಸೀಟಿಗೂ ಒಂದೇ ರೋಗನಿರ್ಣಯ ಸಲ್ಲುವುದಿಲ್ಲ.

ಸೀಟನ್ನು ಯಂತ್ರದಿಂದ ಸರಿಸುವ ಯೋಚನೆ ಹಳೆಯದು. 1940ರ ದಶಕದ ಕೆಲವು ಅಮೆರಿಕನ್ ಕಾರುಗಳಲ್ಲಿ ಈ ಕೆಲಸವನ್ನು ಎಣ್ಣೆಯ ಒತ್ತಡದಿಂದ ಮಾಡಿಸುತ್ತಿದ್ದರು. ಜನರಲ್ ಮೋಟರ್ಸ್‌ನ ಆ ವ್ಯವಸ್ಥೆ ಕಿಟಕಿ, ಸೀಟು, ಮಡಚುವ ಚಾವಣಿ ಎಲ್ಲಕ್ಕೂ ಬ್ರೇಕ್ ಎಣ್ಣೆಯನ್ನೇ ಬಳಸುತ್ತಿತ್ತು, ಸೋರಿದರೆ ಬಣ್ಣವೂ ಬಟ್ಟೆಯೂ ಹಾಳು. ಐವತ್ತರ ದಶಕದಲ್ಲಿ ವಿದ್ಯುತ್ ಮೋಟರ್ ಆ ಜಾಗಕ್ಕೆ ಬಂತು. 1957ರ ಮರ್ಕ್ಯುರಿ ಟರ್ನ್‌ಪೈಕ್ ಕ್ರೂಸರ್‌ನಲ್ಲಿ ಚಾಲಕನಿಗೆ ಬೇಕಾದ ಜಾಗವನ್ನು ನೆನಪಿಟ್ಟುಕೊಳ್ಳುವ ಸೀಟೂ ಇತ್ತು. ನಮ್ಮಲ್ಲಿ ಬಹುಕಾಲ ಇದು ಶ್ರೀಮಂತರ ಕಾರಿನ ಸೌಕರ್ಯವಾಗಿಯೇ ಉಳಿದಿತ್ತು. ಇನ್ನೋವಾ ಕ್ರಿಸ್ಟಾ, ಕ್ರೆಟಾ, ಎಕ್ಸ್‌ಯುವಿ 700ರಂಥ ಗಾಡಿಗಳ ಮೇಲ್ದರ್ಜೆಯ ಮಾದರಿಗಳೊಂದಿಗೆ ಅದು ಮಧ್ಯಮ ವರ್ಗದ ಮನೆಯಂಗಳಕ್ಕೂ ಟ್ಯಾಕ್ಸಿ ಸ್ಟ್ಯಾಂಡಿಗೂ ಬಂದಿದೆ. ಆ ಗಾಡಿಗಳು ವಾರಂಟಿ ಮುಗಿಸಿ ಎರಡನೆಯ, ಮೂರನೆಯ ಕೈಗೆ ಹೋಗುತ್ತಿರುವ ಕಾಲ ಇದು. ದುರಸ್ತಿಯ ಪ್ರಶ್ನೆ ಈಗ ಏಳುತ್ತಿರುವುದು ಅದಕ್ಕೇ.

ರಚನೆ ಅಂಥ ಕಗ್ಗಂಟೇನಲ್ಲ. ಸೀಟಿನಡಿ ಎರಡರಿಂದ ನಾಲ್ಕು ಸಣ್ಣ ಡಿಸಿ ಮೋಟರುಗಳಿರುತ್ತವೆ: ಹಿಂದೆ ಮುಂದೆ ಸರಿಸಲು ಒಂದು, ಎತ್ತಿ ಇಳಿಸಲು ಒಂದೋ ಎರಡೋ, ಬೆನ್ನನ್ನು ಒರಗಿಸಲು ಒಂದು. ಪ್ರತಿ ಮೋಟರಿಗೂ ಎರಡೇ ವೈರು. ಒಂದಕ್ಕೆ 12 ವೋಲ್ಟ್, ಇನ್ನೊಂದಕ್ಕೆ ಅರ್ಥ್ ಕೊಟ್ಟರೆ ಒಂದು ದಿಕ್ಕಿಗೆ ತಿರುಗುತ್ತದೆ. ಅದಲು ಬದಲು ಮಾಡಿದರೆ ವಿರುದ್ಧ ದಿಕ್ಕಿಗೆ. ಈ ಅದಲುಬದಲನ್ನು ಮಾಡುವುದು ಸ್ವಿಚ್ಚು. ಸ್ವಿಚ್ ಮುಟ್ಟದಿದ್ದಾಗ ಎರಡೂ ವೈರುಗಳು ಅರ್ಥ್‌ನಲ್ಲೇ ಕೂತಿರುತ್ತವೆ, ಒತ್ತಿದಾಗ ಅವುಗಳಲ್ಲೊಂದು ಮೇಲೆದ್ದು ಸಪ್ಲೈಗೆ ತಗಲುತ್ತದೆ. ಬ್ಯಾಟರಿಯಿಂದ ಬರುವ ಸಪ್ಲೈ ಸಾಮಾನ್ಯವಾಗಿ 30 ಆಂಪಿಯರ್ ಆಸುಪಾಸಿನ ಫ್ಯೂಸ್ ದಾಟಿ, ನೆಲಹಾಸಿನ ಕೆಳಗಿಂದ ಬಂದು, ಸೀಟಿನಡಿಯ ದೊಡ್ಡ ಕಪ್ಲರ್ ಮೂಲಕ ಸ್ವಿಚ್ಚಿಗೆ ತಲುಪುತ್ತದೆ. ನೆನಪಿನ ಗುಂಡಿಗಳಿರುವ ಸೀಟುಗಳಲ್ಲಿ ಸ್ವಿಚ್ಚಿಗೂ ಮೋಟರಿಗೂ ನಡುವೆ ಒಂದು ಮಾಡ್ಯೂಲ್ ಇರುತ್ತದೆ. ಮೋಟರ್ ಸುತ್ತಿದ್ದನ್ನು ಎಣಿಸುವ ಸೆನ್ಸರ್‌ಗಳೂ ಇರುತ್ತವೆ.

ಮೋಟರ್ ಎಷ್ಟು ದುಡಿಯುತ್ತದೆ ಎಂದು ಲೆಕ್ಕ ಹಾಕಿದರೆ ಅದರ ಮೇಲಿನ ಆರೋಪ ಸಡಿಲವಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಓಡಿಸುವ ಕಾರಿನಲ್ಲಿ ದಿನಕ್ಕೆ ಒಟ್ಟು ಇಪ್ಪತ್ತು ಸೆಕೆಂಡು ಸೀಟು ಸರಿಯುತ್ತದೆ ಎಂದಿಟ್ಟುಕೊಳ್ಳಿ, ಅದೂ ಧಾರಾಳ ಅಂದಾಜೇ. ವರ್ಷಕ್ಕೆ ಎರಡು ಗಂಟೆಯಾಯಿತು. ಹತ್ತು ವರ್ಷಕ್ಕೆ ಇಪ್ಪತ್ತು ಗಂಟೆ, ಅದನ್ನೂ ಎರಡು ಮೂರು ಮೋಟರುಗಳು ಹಂಚಿಕೊಳ್ಳಬೇಕು. ಅದೇ ಕಾರಿನ ವೈಪರ್ ಮೋಟರ್ ಕುಂದಾದ ಮಳೆಗಾಲದ ಒಂದೇ ವಾರದಲ್ಲಿ ಇಪ್ಪತ್ತು ಗಂಟೆ ಓಡಿರುತ್ತದೆ. ಹತ್ತು ವರ್ಷದಲ್ಲಿ ಇಷ್ಟು ಕಡಿಮೆ ತಿರುಗಿದ ಮೋಟರಿನ ಕಾರ್ಬನ್ ಬ್ರಷ್ ಸವೆದುಹೋಯಿತು ಎಂದರೆ ನಂಬುವುದು ಕಷ್ಟ. ಆದರೆ ಕಪ್ಲರ್‌ನ ಸ್ಥಿತಿ ಹಾಗಲ್ಲ. ಅದಕ್ಕೆ ರಜೆಯಿಲ್ಲ, ಸೀಟು ಸರಿಯಲಿ ಬಿಡಲಿ, ನೆಲದಿಂದ ಬೆರಳಗಲ ಮೇಲೆ, ತೇವದಲ್ಲಿ, ಧೂಳಿನಲ್ಲಿ, ಕಾಲಿನ ಒದೆತ ತಿನ್ನುತ್ತ ಹಗಲಿರುಳು ಅಲ್ಲೇ ಬಿದ್ದಿರುತ್ತದೆ. ಸ್ವಿಚ್ಚಿಗೂ ಸುಖವಿಲ್ಲ. ಮಾಡ್ಯೂಲ್ ಇಲ್ಲದ ಸೀಟುಗಳಲ್ಲಿ ಮೋಟರಿನ ಅಷ್ಟೂ ಕರೆಂಟ್ ಅದರ ಪುಟ್ಟ ಕಾಂಟ್ಯಾಕ್ಟಿನ ಮೂಲಕವೇ ಹಾಯುತ್ತದೆ. ಪ್ರತಿ ಬಾರಿ ಬೆರಳು ತೆಗೆದಾಗಲೂ ಒಂದು ಕಿಡಿ ಹಾರಿ ಕಾಂಟ್ಯಾಕ್ಟನ್ನು ಅಷ್ಟಷ್ಟೇ ಸುಡುತ್ತದೆ.

ಇದಕ್ಕೊಂದು ನ್ಯಾಯವಾದ ಆಕ್ಷೇಪವಿದೆ: ಓಡದೆ ಇರುವುದೇ ಮೋಟರಿಗೆ ಕೇಡಲ್ಲವೇ? ಹೌದು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿಟ್ಟ ಸೀಟಿನ ಮೋಟರಿನಲ್ಲಿ ಕಾರ್ಬನ್ ತನ್ನ ಗೂಡಿನಲ್ಲೇ ಹಿಡಿದುಕೊಳ್ಳಬಹುದು, ಅದು ಉಜ್ಜುವ ತಾಮ್ರದ ಮೇಲೆ ಪದರ ಕಟ್ಟಬಹುದು, ಸ್ಕ್ರೂ ದಂಡದ ಗ್ರೀಸ್ ಒಣಗಿ ಅಂಟಾಗಬಹುದು. ಒಬ್ಬರೇ ಓಡಿಸುವ, ಸೀಟಿನ ಗುಂಡಿಯನ್ನೇ ಮುಟ್ಟದ ಕಾರಿನಲ್ಲಿ ಎತ್ತಿ ಇಳಿಸುವ ಮೋಟರ್ ಹೀಗೆ ಜಡವಾಗುವುದುಂಟು. ಆದರೆ ಈ ಬಗೆಯ ಜಡತ್ವ ಒಂದು ಮೋಟರನ್ನು ಹಿಡಿಯುತ್ತದೆ, ನಾಲ್ಕನ್ನೂ ಒಂದೇ ದಿನ ಹಿಡಿಯುವುದಿಲ್ಲ. ಸೀಟಿನ ಎಲ್ಲ ಚಲನೆಗಳೂ ಒಟ್ಟಿಗೆ ನಿಂತಿದ್ದರೆ ಮೋಟರಿನ ಮಾತೇ ಬೇಡ; ಅವೆಲ್ಲವೂ ಹಂಚಿಕೊಂಡಿರುವ ಸಪ್ಲೈ ಅಥವಾ ಅರ್ಥ್ ಎಲ್ಲೋ ಕಡಿದಿದೆ.

ಉಪಕರಣ ಹಿಡಿಯುವ ಮೊದಲೇ ಸೀಟು ತಾನೇ ಸಾಕಷ್ಟು ಸಾಕ್ಷಿ ಹೇಳುತ್ತದೆ, ಕೇಳುವ ವ್ಯವಧಾನ ಬೇಕು ಅಷ್ಟೆ. ಎಂಟು ದಿಕ್ಕಿನ ಸೀಟೆಂದರೆ ಎಂಟು ಪ್ರಶ್ನೆಗಳು. ಸೀಟು ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ ಎಂದಿಟ್ಟುಕೊಳ್ಳೋಣ. ಎರಡೂ ದಿಕ್ಕಿಗೆ ತಿರುಗುವುದು ಅದೇ ಮೋಟರ್, ಬಳಸುವುದು ಅದೇ ಎರಡು ವೈರು, ಅದೇ ಕಪ್ಲರ್, ಅದೇ ಫ್ಯೂಸ್, ಅದೇ ಅರ್ಥ್. ಒಂದು ದಿಕ್ಕಿಗೆ ಸಲೀಸಾಗಿ ಹೋದ ಕ್ಷಣವೇ ಇವಿಷ್ಟೂ ನಿರ್ದೋಷಿಗಳೆಂದು ಸಾಬೀತಾಯಿತು. ಉಳಿದದ್ದು ಸ್ವಿಚ್ಚಿನೊಳಗೆ ಆ ಒಂದು ದಿಕ್ಕಿಗೆ ಮೀಸಲಾದ ಕಾಂಟ್ಯಾಕ್ಟು, ಮಾಡ್ಯೂಲ್ ಇದ್ದರೆ ಅದರ ರಿಲೇ, ಇಲ್ಲವೇ ಸೀಟಿನ ಹಾದಿಗೆ ಅಡ್ಡ ಬಿದ್ದಿರುವ ನೀರಿನ ಬಾಟಲಿ. ಇಷ್ಟು ಸ್ಪಷ್ಟ ಸಾಕ್ಷಿ ಇದ್ದಾಗಲೂ ಮೋಟರ್ ಬದಲಿಸಲು ಹೇಳುವುದುಂಟು. ಅದನ್ನು ತಂತ್ರಜ್ಞಾನದ ಕೊರತೆ ಎನ್ನುವುದಕ್ಕಿಂತ ಯೋಚಿಸುವ ಸೋಮಾರಿತನ ಎನ್ನುವುದೇ ಸರಿ.

ಮಿಕ್ಕ ಲಕ್ಷಣಗಳನ್ನೂ ಹೀಗೆಯೇ ಓದಬಹುದು. ಒಂದು ಮೋಟರ್ ಎರಡೂ ದಿಕ್ಕಿಗೆ ಸತ್ತು ಮಿಕ್ಕವು ಚೆನ್ನಾಗಿದ್ದರೆ ಸಂಶಯ ಆ ಮೋಟರ್, ಅದರ ಸಣ್ಣ ಕಪ್ಲರ್ ಮತ್ತು ಸ್ವಿಚ್ಚಿನ ಆ ಭಾಗದ ಮೇಲೆ. ಎಲ್ಲ ಚಲನೆಗಳೂ ನಿಧಾನವಾಗಿದ್ದರೆ ಅವೆಲ್ಲ ಹಂಚಿಕೊಂಡ ದಾರಿಯಲ್ಲಿ ಅಡಚಣೆ. ಮೋಟರ್ ಗುಂಯ್ ಎಂದರೂ ಸೀಟು ಅಲುಗದಿದ್ದರೆ ಅದು ವಿದ್ಯುತ್ತಿನ ವಿಷಯವೇ ಅಲ್ಲ, ಹಲ್ಲು ಸವೆದ ಪ್ಲಾಸ್ಟಿಕ್ ಗೇರೋ ತುಂಡಾದ ಕೇಬಲ್ಲೋ ಇರಬೇಕು. ಸೀಟು ಒಂದು ಜಾಗಕ್ಕೆ ಬಂದಾಗ ಮಾತ್ರ ಸತ್ತು, ಕೈಯಿಂದ ಅಲುಗಿಸಿದರೆ ಜೀವ ಬರುವುದಾದರೆ ಜೊತೆಯಲ್ಲಿ ಎಳೆದಾಡುವ ವೈರಿನ ಗೊಂಚಲಿನಲ್ಲಿ ಎಳೆ ಮುರಿದಿದೆ. ಒತ್ತಿದಾಗ ಅರೆಕ್ಷಣ ಸರಿದು ನಿಂತುಬಿಡುವುದು ನೆನಪಿನ ಸೀಟುಗಳ ವಿಶೇಷ. ಮೋಟರ್ ಸುತ್ತುತ್ತಿದೆ ಎಂಬ ಎಣಿಕೆ ಮಾಡ್ಯೂಲಿಗೆ ಬಾರದಿದ್ದರೆ ಅದು ಅಪಾಯವೆಂದು ಬಗೆದು ಸಪ್ಲೈ ತೆಗೆದುಬಿಡುತ್ತದೆ. ಹಳೆಯ ಮೆಕ್ಯಾನಿಕ್‌ಗಳ ಇನ್ನೊಂದು ಉಪಾಯವೆಂದರೆ ಬಾಗಿಲು ತೆರೆದಿಟ್ಟು ಒಳದೀಪವನ್ನು ನೋಡುತ್ತ ಗುಂಡಿ ಒತ್ತುವುದು. ದೀಪ ಮಂಕಾದರೆ ಕರೆಂಟ್ ಮೋಟರಿಗೆ ತಲುಪುತ್ತಿದೆ, ಮೋಟರ್ ಹಿಡಿದುಕೊಂಡಿದೆ. ದೀಪ ಕದಲದಿದ್ದರೆ ದಾರಿಯೇ ಕಡಿದಿದೆ. ಈಗಿನ ಎಲ್‌ಇಡಿ ದೀಪಗಳು ವೋಲ್ಟೇಜ್ ಒಂದಿಷ್ಟು ಇಳಿದರೂ ಮಂಕಾಗದೇ ಇರಬಹುದಾದ್ದರಿಂದ ಅದೇ ಕೆಲಸಕ್ಕೆ ಡಿಸಿ ಕ್ಲ್ಯಾಂಪ್ ಮೀಟರ್ ವಾಸಿ. ಸಲೀಸಾಗಿ ಓಡುವ ಸೀಟಿನ ಮೋಟರ್ ಕೆಲವೇ ಆಂಪಿಯರ್ ಎಳೆಯುತ್ತದೆ, ಬಿಗಿದು ನಿಂತದ್ದು ಅದರ ಹಲವು ಪಟ್ಟು. ಶೂನ್ಯ ತೋರಿಸಿದರೆ ಎಲ್ಲೋ ತುಂಡಾಗಿದೆ.

ಇಲ್ಲಿಂದ ಮುಂದೆ ಮಲ್ಟಿಮೀಟರ್ ಬೇಕು. ದೊಡ್ಡ ತಪ್ಪು ನಡೆಯುವುದೂ ಇಲ್ಲೇ. ಮೋಟರಿನ ಕಪ್ಲರ್ ಕಳಚಿ, ಮೀಟರಿನ ಎರಡು ಕಡ್ಡಿ ತಾಗಿಸಿ, 12 ವೋಲ್ಟ್ ಕಂಡ ಕೂಡಲೇ ‘ಸಪ್ಲೈ ಸರಿಯಾಗಿದೆ, ಮೋಟರೇ ಕೆಟ್ಟಿದೆ’ ಎಂದುಬಿಡುತ್ತಾರೆ. ಮೀಟರ್ ಸುಳ್ಳು ಹೇಳಿಲ್ಲ, ಕೇಳಿದ ಪ್ರಶ್ನೆ ತಪ್ಪು. ಡಿಜಿಟಲ್ ಮೀಟರಿನ ಒಳತಡೆ ಸಾಮಾನ್ಯವಾಗಿ ಒಂದು ಕೋಟಿ ಓಮ್. ಅದು ಎಳೆಯುವ ಕರೆಂಟ್ ಒಂದು ಆಂಪಿಯರಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು. ಕಿಲುಬು ಹಿಡಿದ ಪಿನ್ನಿನಲ್ಲಿ ಸಾವಿರ ಓಮ್ ತಡೆ ಇದ್ದರೂ ಇಷ್ಟು ಅಲ್ಪ ಕರೆಂಟಿಗೆ ಅಲ್ಲಿ ಕಳೆದುಹೋಗುವುದು ಒಂದು ಮಿಲಿವೋಲ್ಟಿನಷ್ಟೇ, ಮೀಟರ್ ನಿಶ್ಚಿಂತೆಯಿಂದ 12 ತೋರಿಸುತ್ತದೆ. ಆ ಸಾವಿರ ಓಮಿನ ದಾರಿಯಲ್ಲಿ ಮೋಟರ್ ಕೂದಲೆಳೆಯಷ್ಟೂ ಅಲುಗದು. ಎಮರಾಲ್ಡಿನ ಜನಕ್ಕೆ ಇದನ್ನು ಟರ್ಬೈನಿಗೆ ನೀರಿಳಿಸುವ ಪೆನ್‌ಸ್ಟಾಕ್ ಕೊಳವೆಯ ಲೆಕ್ಕದಲ್ಲಿ ಹೇಳಬಹುದು: ನಡುವೆ ಕಸ ಕಟ್ಟಿದ ಕೊಳವೆಯಲ್ಲೂ ಕೆಳಗಿನ ವಾಲ್ವ್ ಮುಚ್ಚಿದ್ದಾಗ ಒತ್ತಡ ಪೂರ್ತಿಯೇ ಇರುತ್ತದೆ, ವಾಲ್ವ್ ತೆರೆದು ನೀರು ಹರಿಯಬಿಟ್ಟಾಗಲೇ ಟರ್ಬೈನಿಗೆ ಎಷ್ಟು ಬರುತ್ತಿದೆ ಎಂಬುದು ಬಯಲಾಗುವುದು.

ಆದ್ದರಿಂದ ಅಳೆಯಬೇಕಾದ್ದು ಹೊರೆ ಹೊತ್ತಾಗಿನ ವೋಲ್ಟೇಜನ್ನು. ಕಪ್ಲರ್ ಕಳಚದೆ, ಅದರ ಹಿಂಬದಿಯಿಂದ ಕಡ್ಡಿ ತೂರಿಸಿ, ಒಬ್ಬರು ಗುಂಡಿ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಮೀಟರ್ ನೋಡಬೇಕು. ಬ್ಯಾಟರಿಯ ಮೈನಸ್ ತುದಿಗೂ ಸೀಟಿನ ಅರ್ಥ್ ವೈರಿಗೂ ನಡುವೆ ಅಳೆದಾಗ 0.2 ವೋಲ್ಟಿನೊಳಗೆ ಇದ್ದರೆ ಅರ್ಥ್ ಆರೋಗ್ಯವಾಗಿದೆ. ಸಪ್ಲೈ ಕಡೆಯಲ್ಲಿ ಫ್ಯೂಸು, ಕಪ್ಲರ್, ಸ್ವಿಚ್ಚು ಎಲ್ಲ ಸೇರಿ ಅರ್ಧ ವೋಲ್ಟಿನ ಆಸುಪಾಸಿಗಿಂತ ಹೆಚ್ಚು ಕಳೆದುಹೋಗಬಾರದು. ಮೋಟರ್ ಪೂರ್ತಿ ಸತ್ತಿದ್ದು ಹೊರೆಯೇ ಇಲ್ಲದಿದ್ದರೆ ಅದರ ಜಾಗದಲ್ಲಿ ಹಳೆಯ ಹೆಡ್‌ಲೈಟ್ ಬಲ್ಬನ್ನು ಹಾಕಬಹುದು. 55 ವಾಟಿನ ಬಲ್ಬ್ ನಾಲ್ಕೂವರೆ ಆಂಪಿಯರಿನಷ್ಟು ಎಳೆಯುತ್ತದೆ. ದಾರಿಯಲ್ಲಿ ಅರ್ಧ ಓಮ್ ತಡೆ ಇದ್ದರೂ ಸುಮಾರು ಎರಡು ವೋಲ್ಟ್ ಕಳೆದುಕೊಂಡು ಕಣ್ಣಿಗೆ ಕಾಣುವಂತೆ ಮಂಕಾಗುತ್ತದೆ. ಬಲ್ಬ್ ಝಗ್ಗನೆ ಉರಿದರೆ ಮಾತ್ರ ಮೋಟರನ್ನು ದೂರುವ ಹಕ್ಕು ಬರುತ್ತದೆ. ಮೂರು ಕಾಸಿನ ಈ ಉಪಾಯದ ಮುಂದೆ ದುಬಾರಿ ಮೀಟರ್ ಕೆಲವೊಮ್ಮೆ ಮಂಡಿಯೂರುತ್ತದೆ.

ಸಣ್ಣ ತಡೆ ಎಷ್ಟು ದೊಡ್ಡ ಕೇಡು ಮಾಡುತ್ತದೆ ಎಂಬುದನ್ನು ಅಂಕಿಯಲ್ಲೇ ನೋಡಬೇಕು. ಮೋಟರಿನ ಸುರುಳಿಯ ತಡೆ 0.6 ಓಮ್ ಎಂದಿಟ್ಟುಕೊಂಡರೆ, ನಿಂತಲ್ಲಿಂದ ಹೊರಡುವ ಕ್ಷಣದಲ್ಲಿ ಅದು 12 ವೋಲ್ಟಿಗೆ 20 ಆಂಪಿಯರ್ ಎಳೆದು ಪೂರ್ತಿ ಬಲ ಕೊಡುತ್ತದೆ. ದಾರಿಯಲ್ಲಿ ಇನ್ನೊಂದು 0.6 ಓಮ್ ಸೇರಿಕೊಂಡರೆ ಕರೆಂಟ್ 10ಕ್ಕೆ ಇಳಿಯುತ್ತದೆ. ಮೋಟರಿನ ತಿರುಗುಬಲ ಕರೆಂಟಿಗೆ ತಕ್ಕಷ್ಟೇ ಇರುವುದರಿಂದ ಅದೂ ಅರ್ಧವಾಗುತ್ತದೆ. ಇದಕ್ಕೆ ಜನವರಿಯ ನಸುಕಿನ ಚಳಿಯನ್ನು ಸೇರಿಸಿ. ಶೂನ್ಯದ ಹತ್ತಿರದ ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗಿರುತ್ತದೆ, ಸೀಟು ಸರಿಯುವ ಹಳಿಯ ಗ್ರೀಸ್ ಗಟ್ಟಿಯಾಗಿರುತ್ತದೆ, ಮೇಲೆ ಕುಳಿತವರ ಭಾರವಂತೂ ಇದ್ದೇ ಇದೆ. ಅದೇ ಸೀಟು ಮಧ್ಯಾಹ್ನ ಕೊಯಮತ್ತೂರಿಗೆ ಇಳಿದಾಗ ಸರಾಗವಾಗಿ ಸರಿಯುತ್ತದೆ. ‘ಅಲ್ಲಿ ತೋರಿಸಿದಾಗ ಸರಿಯಾಗಿತ್ತು, ಊರಿಗೆ ಬಂದರೆ ಮತ್ತೆ ಅದೇ ಕಥೆ’ ಎಂಬ ದೂರು ಎಷ್ಟು ವಿಚಿತ್ರವಾಗಿ ಕೇಳಿಸಿದರೂ ಅದರ ಹಿಂದೆ ಇಷ್ಟು ನೇರವಾದ ಭೌತಶಾಸ್ತ್ರವಿದೆ. ಬೆಟ್ಟದ ಮೇಲಿನ ಕಾರನ್ನು ಬಯಲುಸೀಮೆಯಲ್ಲಿ ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದರ ಮಿತಿ ಇದು.

ಈಗ ಸೀಟಿನಡಿಗೆ ಬ್ಯಾಟರಿ ದೀಪ ಹಿಡಿದು ನೋಡೋಣ. ಮೇಲಿನಿಂದ ಮುಟ್ಟಿದರೆ ನೆಲಹಾಸು ಒಣಗಿದಂತೆಯೇ ಇರುತ್ತದೆ. ಅಂಚನ್ನು ಎತ್ತಿ ಕೆಳಗಿನ ಸ್ಪಂಜನ್ನು ಹಿಂಡಿದರೆ ನೀರು ಇಳಿಯುತ್ತದೆ. ಆ ಸ್ಪಂಜು ವಾರಗಟ್ಟಲೆ ನೀರು ಹಿಡಿದಿಟ್ಟುಕೊಂಡು, ಬಿಸಿಲು ಬಂದಾಗ ಆವಿ ಬಿಟ್ಟು, ರಾತ್ರಿ ತಂಪಾದಾಗ ಅದನ್ನೇ ಸೀಟಿನಡಿಯ ತಗಡಿನ ಮೇಲೆ ಹನಿಯಾಗಿ ಕೂರಿಸುತ್ತದೆ. ಕಪ್ಲರ್ ಬಿಚ್ಚಿದಾಗ ಕಾಣುವುದು ಹೊಳೆಯುವ ಪಿನ್ನಿನ ಬುಡದಲ್ಲಿ ಉಪ್ಪಿನಂಥ ಹಸಿರು ಬಿಳಿ ಪುಡಿ. ಸಪ್ಲೈ ಪಿನ್ನಿನಲ್ಲಿ ಅದು ಹೆಚ್ಚು, ಏಕೆಂದರೆ ಯಾವಾಗಲೂ 12 ವೋಲ್ಟ್ ಇರುವ ಪಿನ್ನಿಗೂ ಪಕ್ಕದ ಅರ್ಥ್ ಪಿನ್ನಿಗೂ ನಡುವೆ ತೇವದ ಪದರ ಕೂತರೆ ತಾಮ್ರ ತಾನಾಗಿ ಕರಗತೊಡಗುತ್ತದೆ. ಅಮೋನಿಯಾ ಸೇರಿದ ಗೊಬ್ಬರದ ಪುಡಿ ಆ ತೇವದಲ್ಲಿ ಬೆರೆತರೆ ಹಿತ್ತಾಳೆ ತಾಮ್ರಕ್ಕೆ ಇನ್ನೂ ಕೇಡು. ಕೆಲವೊಮ್ಮೆ ಕಿಲುಬೇ ಇಲ್ಲ, ಆದರೂ ಪಿನ್ ಹಿಡಿಯುವ ತೂತು ಅಗಲಿಸಿಕೊಂಡಿದೆ. ಹಿಂದೆ ಯಾರೋ ಮೀಟರಿನ ದಪ್ಪ ಕಡ್ಡಿಯನ್ನು ಮುಂಬದಿಯಿಂದ ತುರುಕಿದ್ದರ ಫಲ. ಅಂಥ ತೂತಿಗೆ ಅದೇ ಅಳತೆಯ ಒಂಟಿ ಪಿನ್ ಹಾಕಿ ಎಳೆದರೆ ಚೂರೂ ಬಿಗಿ ಇರುವುದಿಲ್ಲ. ಹೊಲದ ಅಂಚಿನಲ್ಲಿ ನಿಲ್ಲುವ ಕಾರುಗಳಿಗೆ ಇಲಿಯ ಕಾಟ ಬೇರೆ. ಕಡಿದ ವೈರಿನ ಮೇಲ್ಪದರದಲ್ಲಿ ಸಾಲು ಹಲ್ಲಿನ ಗುರುತು ಕಂಡರೆ ಬೇರೆ ತನಿಖೆ ಬೇಕಿಲ್ಲ.

ಇಷ್ಟು ಹೇಳಿದಾಗ ಎದುರಾಗುವ ಮೊದಲ ವಾದ, ಇದೆಲ್ಲ ಹಳೆಯ ಕಾಲದ ಪದ್ಧತಿ, ಈಗಿನ ಕಾರಿಗೆ ಸ್ಕ್ಯಾನರ್ ಹಚ್ಚಿದರೆ ಅದೇ ಹೇಳುತ್ತದೆ ಎಂಬುದು. ನೆನಪಿನ ಸೀಟಿನ ಮಟ್ಟಿಗೆ ಇದರಲ್ಲಿ ಹುರುಳಿದೆ. ಸ್ವಿಚ್ ಒತ್ತಿದ್ದು ಮಾಡ್ಯೂಲಿಗೆ ಮುಟ್ಟಿತೇ, ಸೆನ್ಸರಿನ ಎಣಿಕೆ ಬರುತ್ತಿದೆಯೇ ಎಂಬುದನ್ನು ಸ್ಕ್ಯಾನರ್ ಕ್ಷಣದಲ್ಲಿ ತೋರಿಸುತ್ತದೆ. ಬಲ್ಬ್ ಹಿಡಿದು ಅದನ್ನು ಹುಡುಕಲು ಹೋಗುವುದು ಮೂರ್ಖತನ, ಸೆನ್ಸರಿನ ಸೂಕ್ಷ್ಮ ವೈರಿಗೆ ಬಲ್ಬಿನ ಹೊರೆ ಹಾಕಿದರೆ ಮಾಡ್ಯೂಲೇ ಸುಡಬಹುದು. ಆದರೆ ಸ್ಕ್ಯಾನರ್ ಹೇಳುವುದು ಮಾಡ್ಯೂಲಿನ ಅನಿಸಿಕೆಯನ್ನು. ‘ಸೀಟು ಮೋಟರಿನ ಸರ್ಕ್ಯೂಟಿನಲ್ಲಿ ದೋಷ’ ಎಂಬ ಕೋಡ್ ಬಂದರೆ ಅದು ಹೆಸರಿಸಿದ್ದು ಸರ್ಕ್ಯೂಟನ್ನು, ಮೋಟರನ್ನಲ್ಲ. ಆ ಸರ್ಕ್ಯೂಟಿನಲ್ಲಿ ಕಪ್ಲರೂ ವೈರೂ ಸೇರಿವೆ. ಮಾಡ್ಯೂಲಿಗೇ ಸಪ್ಲೈ ಅಥವಾ ಅರ್ಥ್ ಸಿಗದಿದ್ದರೆ ಅದು ಸ್ಕ್ಯಾನರಿನೊಂದಿಗೆ ಮಾತೇ ಆಡುವುದಿಲ್ಲ. ನೆನಪಿನ ಗುಂಡಿ ಇಲ್ಲದ ಎಷ್ಟೋ ಸೀಟುಗಳಲ್ಲಿ ಮಾಡ್ಯೂಲೇ ಇಲ್ಲದಿರುವಾಗ ಸ್ಕ್ಯಾನರ್ ಯಾರನ್ನು ಕೇಳಬೇಕು?

ಎರಡನೆಯ ವಾದ ಹಣದ್ದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗಂಟೆಗಟ್ಟಲೆ ಹುಡುಕುವ ಕೂಲಿಗಿಂತ ಸ್ವಿಚ್ಚೋ ಮೋಟರೋ ಬದಲಿಸಿ ನೋಡುವುದೇ ಅಗ್ಗ ಎನ್ನುತ್ತಾರೆ. ದೊಡ್ಡ ಊರಿನ ವರ್ಕ್‌ಶಾಪಿನಲ್ಲಿ, ಕೈಗೆಟುಕುವಲ್ಲಿ ಬಿಡಿಭಾಗ ಇದ್ದು, ಹಾಕಿ ನೋಡಿ ಸರಿಹೋಗದಿದ್ದರೆ ವಾಪಸ್ ಇಡುವ ಅನುಕೂಲ ಇದ್ದಲ್ಲಿ ಈ ಮಾತು ಸರಿಯಿರಬಹುದು. ಎಮರಾಲ್ಡಿನಲ್ಲಿ ಆ ಭಾಗ ಕೊಯಮತ್ತೂರಿನಿಂದಲೋ ಮೈಸೂರಿನಿಂದಲೋ ಬರಬೇಕು. ಎಲೆಕ್ಟ್ರಿಕಲ್ ಸಾಮಾನು ಒಮ್ಮೆ ಬಿಚ್ಚಿದ ಮೇಲೆ ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವುದು ಅಪರೂಪ. ಹಲವು ಕಾರುಗಳಲ್ಲಿ ಮೋಟರ್ ಬಿಡಿಯಾಗಿ ಸಿಗದೆ ಹಳಿಯ ಸಮೇತ ಕೊಳ್ಳಬೇಕು, ಆಗ ಊಹೆಯ ಬೆಲೆ ಹಲವು ಪಟ್ಟು ಏರುತ್ತದೆ. ಮೇಲೆ ಹೇಳಿದ ಎಂಟು ಪ್ರಶ್ನೆ ಮತ್ತು ಬಲ್ಬಿನ ಪರೀಕ್ಷೆಗೆ ನುರಿತ ಕೈಗೆ ಅರ್ಧ ಗಂಟೆ ಹಿಡಿದೀತು. ಇನ್ನೊಂದು ಮಾತನ್ನು ಈ ವಾದ ಮರೆಯುತ್ತದೆ: ಹೊಸ ಮೋಟರ್ ಹಾಕುವಾಗ ಕಪ್ಲರ್ ಕಳಚಿ ಮತ್ತೆ ಸಿಕ್ಕಿಸುತ್ತಾರೆ, ಆ ಉಜ್ಜಾಟದಲ್ಲೇ ಪಿನ್ನಿನ ಕಿಲುಬು ಸ್ವಲ್ಪ ಸರಿದು ಸೀಟು ಓಡತೊಡಗುತ್ತದೆ. ಮೋಟರಿನದೇ ತಪ್ಪಾಗಿತ್ತು ಎಂದು ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಮುಂದಿನ ಮಳೆಗಾಲಕ್ಕೆ ಹೊಸ ಮೋಟರೂ ‘ಕೆಡುತ್ತದೆ’. ಮೋಟರಿನ ಮೇಲಿನ ಅಪಖ್ಯಾತಿ ಇಷ್ಟು ಗಟ್ಟಿಯಾಗಿ ನಿಂತಿರುವುದಕ್ಕೆ ಇಂಥ ಸುಳ್ಳು ಗೆಲುವುಗಳೂ ಕಾರಣ ಎಂದು ನನಗನಿಸುತ್ತದೆ.

ಮೂರನೆಯ ಆಕ್ಷೇಪವೇ ನಿಜಕ್ಕೂ ಗಂಭೀರವಾದದ್ದು: ಸೀಟಿನಡಿ ಕೈಹಾಕುವುದು ಮಾಲೀಕರ ಕೆಲಸವಲ್ಲ, ಅಲ್ಲಿ ಏರ್‌ಬ್ಯಾಗಿನ ವೈರಿದೆ. ಇದನ್ನು ಪೂರ್ತಿ ಒಪ್ಪಬೇಕು. ಪಕ್ಕದ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದು ಸೀಟಿನ ಬೆನ್ನಿನಲ್ಲೇ ಅಡಗಿರುತ್ತದೆ, ಅದರ ಹಳದಿ ಕಪ್ಲರ್ ಪವರ್ ಸೀಟಿನ ಕಪ್ಲರ್‌ಗೆ ಗೇಣು ದೂರದಲ್ಲಿರುತ್ತದೆ. ಆ ಹಳದಿ ವೈರಿಗೆ ಮೀಟರಾಗಲಿ ಬಲ್ಬಾಗಲಿ ತಾಗಿಸಲೇಬಾರದು. ಸಣ್ಣ ಕರೆಂಟೂ ಅದನ್ನು ಸಿಡಿಸಬಲ್ಲದು. ಸೀಟು ಕಳಚುವ ಅಗತ್ಯ ಬಂದರೆ ಬ್ಯಾಟರಿಯ ಮೈನಸ್ ತೆಗೆದು, ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕು, ಏಕೆಂದರೆ ಏರ್‌ಬ್ಯಾಗ್ ಮಾಡ್ಯೂಲ್ ಬ್ಯಾಟರಿ ಇಲ್ಲದಿದ್ದರೂ ಸ್ವಲ್ಪ ಹೊತ್ತು ಶಕ್ತಿಯನ್ನು ಕೂಡಿಟ್ಟುಕೊಂಡಿರುತ್ತದೆ. ಹಳದಿ ಕಪ್ಲರ್ ಕಳಚಿರುವಾಗ ಇಗ್ನಿಷನ್ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗಿನ ದೀಪ ಹತ್ತಿ ಕೂರುತ್ತದೆ, ಅದನ್ನು ಆರಿಸಲು ಸ್ಕ್ಯಾನರೇ ಬೇಕಾಗಬಹುದು. ಆದರೆ ಈ ಅಪಾಯ ನನ್ನ ವಾದವನ್ನು ಬೀಳಿಸುವುದಿಲ್ಲ, ಬದಲಿಗೆ ಎತ್ತಿಹಿಡಿಯುತ್ತದೆ. ಸುಮ್ಮನೆ ಮೋಟರ್ ಬದಲಿಸಲು ಹೆಚ್ಚಾಗಿ ಸೀಟನ್ನು ಪೂರ್ತಿ ಕಳಚಬೇಕಾಗುತ್ತದೆ. ದಿಕ್ಕುಗಳನ್ನು ಪರೀಕ್ಷಿಸಲು, ಫ್ಯೂಸ್ ನೋಡಲು, ನೆಲಹಾಸಿನ ತೇವ ಮುಟ್ಟಿ ನೋಡಲು ಒಂದು ಬೋಲ್ಟನ್ನೂ ಬಿಚ್ಚಬೇಕಿಲ್ಲ. ಮಾಲೀಕರ ಗಡಿ ಅಲ್ಲಿಗೆ ಮುಗಿಯಲಿ, ಹಿಂಬದಿಯಿಂದ ಅಳೆಯುವ ಕೆಲಸ ಆಟೋ ಎಲೆಕ್ಟ್ರಿಷಿಯನ್‌ಗೆ ಹೋಗಲಿ.

ಸೀಟು ತಾನೆ, ಓಡದಿದ್ದರೆ ಹಾಗೇ ಇರಲಿ ಎನ್ನುವವರೂ ಇದ್ದಾರೆ. ಬಯಲಿನ ನೇರ ರಸ್ತೆಯಲ್ಲಿ ಹಾಗೆ ಅನ್ನಬಹುದೇನೋ. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಎತ್ತರದ ಗಂಡನಿಗೆ ಹೊಂದಿಸಿದಲ್ಲೇ ಕಚ್ಚಿಕೊಂಡ ಸೀಟಿನಲ್ಲಿ ಕುಳಿತ ಹೆಂಡತಿಗೆ ಕ್ಲಚ್ಚು ಬ್ರೇಕು ಪೂರ್ತಿ ಎಟುಕದೆ ಅಂಥ ರಸ್ತೆಯಲ್ಲಿ ಗಾಡಿ ಇಳಿಸುವುದು ಸೌಕರ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ. ತದ್ವಿರುದ್ಧವೂ ಅಷ್ಟೇ ಕೆಟ್ಟದ್ದು: ಚಾಲಕರ ಎದೆಗೂ ಸ್ಟೀರಿಂಗಿಗೂ ಕನಿಷ್ಠ 25 ಸೆಂಟಿಮೀಟರ್ ಅಂತರವಿರಬೇಕು ಎಂಬುದು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯ ಸಲಹೆ, ಮುಂದಕ್ಕೆ ಬಂದು ಸಿಕ್ಕಿಕೊಂಡ ಸೀಟು ಅದನ್ನು ಮುರಿಯುತ್ತದೆ. ಕೈಯಿಂದ ಸರಿಸುವ ಸೀಟಿಗಿದ್ದ ಸನ್ನೆಕೋಲು ಇದಕ್ಕಿಲ್ಲ.

ಅಡ್ಡದಾರಿಯ ದುರಸ್ತಿಗಳ ಬಗ್ಗೆ ಎರಡೇ ಮಾತು. ಪದೇಪದೇ ಹೋಗುವ 30 ಆಂಪಿಯರ್ ಫ್ಯೂಸಿನ ಜಾಗದಲ್ಲಿ 40ರದ್ದನ್ನು, ಇಲ್ಲವೇ ತಾಮ್ರದ ಎಳೆಯನ್ನು ಸುತ್ತಿ ಕೂರಿಸುವುದೆಂದರೆ ನೆಲಹಾಸಿನಡಿಯ ವೈರನ್ನೇ ಫ್ಯೂಸಾಗಿ ಮಾಡಿದಂತೆ. ಮೇಲೆ ಬಟ್ಟೆ, ಸ್ಪಂಜು, ಮನುಷ್ಯ ಇದ್ದಾರೆ. ಬ್ಯಾಟರಿಯಿಂದ ನೇರ ವೈರೆಳೆದು ಮೋಟರ್ ಓಡಿಸಿ ನೋಡುವುದು ಪರೀಕ್ಷೆಯಾಗಿ ತಪ್ಪಲ್ಲ, ಆದರೆ ಆ ವೈರಿನಲ್ಲೂ ಫ್ಯೂಸ್ ಇರಬೇಕು, ಸೀಟು ಕೊನೆ ಮುಟ್ಟಿದ ಮೇಲೂ ಒತ್ತಿ ಹಿಡಿಯಬಾರದು.

ಕಪ್ಲರ್ ಶುಚಿ ಮಾಡಿ ಸಿಕ್ಕಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುವುದು ಮೋಟರ್ ಬದಲಿಸಿದಷ್ಟೇ ಅರೆಬರೆ ದುರಸ್ತಿ. ನೀರು ಎಲ್ಲಿಂದ ಬಂತು ಎಂಬುದು ಉಳಿಯುತ್ತದೆ. ಸನ್‌ರೂಫ್ ಇರುವ ಕಾರಿನ ನಾಲ್ಕು ಮೂಲೆಗಳಲ್ಲಿ ನೀರಿಳಿಯುವ ಸಣ್ಣ ಕೊಳವೆಗಳಿರುತ್ತವೆ. ಸೈಪ್ರೆಸ್ ಮರದಡಿ ನಿಲ್ಲಿಸಿದ ಕಾರಿನಲ್ಲಿ ಅದರ ಉದುರೆಲೆ ಆ ಬಾಯಿಗಳನ್ನು ಕಟ್ಟುತ್ತದೆ, ನೀರು ಕಂಬದೊಳಗಿಂದ ಇಳಿದು ನೆಲಹಾಸಿನಡಿಗೆ ಸೇರುತ್ತದೆ. ವಿಂಡ್‌ಷೀಲ್ಡಿನ ಬುಡದ ಕಸ, ಬಾಗಿಲಿನ ಹರಿದ ರಬ್ಬರು, ಎಸಿಯ ಕಟ್ಟಿಕೊಂಡ ಕೊಳವೆ ಇವೂ ಅದೇ ಜಾಗಕ್ಕೆ ನೀರು ತರುತ್ತವೆ. ಒಂದು ಚೊಂಬು ನೀರನ್ನು ಸನ್‌ರೂಫಿನ ಮೂಲೆಗೆ ಮೆಲ್ಲಗೆ ಸುರಿದು, ಅದು ಚಕ್ರದ ಹತ್ತಿರ ನೆಲಕ್ಕೆ ಬೀಳುತ್ತದೆಯೇ ಎಂದು ನೋಡಿದರೆ ಗೊತ್ತಾಗುತ್ತದೆ. ಒದ್ದೆ ಸ್ಪಂಜನ್ನು ಹೊರತೆಗೆದು ಒಣಗಿಸಬೇಕು, ಮೇಲಿನಿಂದ ಬಿಸಿಗಾಳಿ ಬಿಟ್ಟರೆ ಸಾಲದು. ಕಪ್ಲರ್‌ಗೆ ಇನ್ಸುಲೇಷನ್ ಟೇಪ್ ಸುತ್ತಿಬಿಡುವ ಅಭ್ಯಾಸ ಕೆಟ್ಟದ್ದು, ಅದು ನೀರನ್ನು ತಡೆಯುವ ಬದಲು ಒಳಗೇ ಕೂಡಿಹಾಕುತ್ತದೆ. ಅದನ್ನು ಸೀಟಿನ ಚೌಕಟ್ಟಿಗೆ, ನೆಲಕ್ಕಿಂತ ಎತ್ತರದಲ್ಲಿ, ಬಾಯಿ ಕೆಳಮುಖವಾಗಿ ಕಟ್ಟಿ, ಸೀಟು ಕೊನೆಯಿಂದ ಕೊನೆಗೆ ಸರಿದರೂ ವೈರು ಎಳೆಯದಷ್ಟು ಸಡಿಲ ಬಿಡಬೇಕು. ಬ್ಯಾಟರಿ ತೆಗೆದು ಹಾಕಿದ ಮೇಲೆ ನೆನಪಿನ ಸೀಟು ತನ್ನ ಜಾಗಗಳನ್ನು ಮರೆತಿದ್ದರೆ ಗಾಬರಿಯಾಗಿ ಮತ್ತೆ ಗ್ಯಾರೇಜಿಗೆ ಓಡುವ ಮೊದಲು ಕೈಪಿಡಿ ತೆರೆಯಿರಿ. ಎಷ್ಟೋ ಕಾರುಗಳಲ್ಲಿ ಪ್ರತಿ ದಿಕ್ಕಿಗೂ ಕೊನೆ ಮುಟ್ಟುವವರೆಗೆ ಒಮ್ಮೆ ಓಡಿಸಿದರೆ ಮಾಡ್ಯೂಲ್ ಅಳತೆಯನ್ನು ಹೊಸದಾಗಿ ಕಲಿತುಕೊಳ್ಳುತ್ತದೆ.